‘ಗೆಟ್’ ಪದಕ್ಕೆ ಇಬ್ಬರ ದನಿ

ಆ ಕೋಣೆಯೊಳಗೆ ಹೋಗುವವರು ಮೊದಲು ಬಳೆ ಬಿಚ್ಚಿಡಬೇಕಿತ್ತು. ಕೈಗಡಿಯಾರ, ಜೇಬಿನ ಚಿಲ್ಲರೆ, ಕೀಗೊಂಚಲು, ಮೊಬೈಲು ಎಲ್ಲ ಹೊರಗಿನ ಮೇಜಿನ ಮೇಲೆ. ರೇಷ್ಮೆ ಸೀರೆಯುಟ್ಟು ಬಂದವರಿಗೆ ಆ ದಿನ ಓದು ಇಲ್ಲ; ಸರಪರ ಸದ್ದು ಮೈಕಿಗೆ ಮೊದಲು ಕೇಳಿಸುತ್ತದೆ. ಬಾಗಿಲು ಹಾಕಿ, ಫ್ಯಾನ್ ಆರಿಸಿ, ಮೇಜಿನ ಮೇಲೆ ಹಳೆಯ ಶಾಲು ಹಾಸಿ, ಒಂದು ಗುಟುಕು ಬೆಚ್ಚಗಿನ ನೀರು ಕುಡಿದು, ಒಂದು ನಿಮಿಷ ಸುಮ್ಮನೆ ಕೂತು, ಆಮೇಲೆ ಓದು ಶುರು.

ಯಲಹಂಕದ ಪುಟ್ಟೇನಹಳ್ಳಿಯಲ್ಲಿ, ಒಂದು ಮನೆಯ ಮೊದಲ ಮಹಡಿಯಲ್ಲಿ ಇದ್ದದ್ದು ನಮ್ಮ ಕೇಂದ್ರ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಕೆಲಸ. ಓದುವವರು ಬೇರೆ, ಕೇಳಿ ತಪ್ಪು ಹುಡುಕುವವನು ಬೇರೆ. ತಪ್ಪು ಹುಡುಕುವವನು ನಾನು. ಯಶವಂತಪುರದ ಒಂದು ಪ್ರೆಸ್ಸಿನಲ್ಲಿ ಬಹಳ ವರ್ಷ ಪ್ರೂಫ್ ನೋಡಿ ಬಂದವನಾದ್ದರಿಂದ, ಇಷ್ಟು ದಿನ ಕಣ್ಣಿಗೆ ಬೀಳುತ್ತಿದ್ದ ತಪ್ಪು ಇನ್ನು ಕಿವಿಗೆ ಬೀಳಬೇಕು, ಅಷ್ಟೇ ವ್ಯತ್ಯಾಸ ಅಂದುಕೊಂಡಿದ್ದೆ. ಕೆಂಪು ಪೆನ್ನನ್ನೂ ಅಲ್ಲಿಂದಲೇ ತಂದಿದ್ದೆ.

ಪ್ರತಿ ರೆಕಾರ್ಡಿಂಗಿಗೂ ಒಂದು ಹಾಳೆ. ಎಡಗಡೆ ಫೈಲಿನ ಸಂಖ್ಯೆ, ಪುಟ, ಓದಿದವರ ಸಹಿ. ಬಲಗಡೆಯ ಅಂಕಣ ನನ್ನದು. ಓದಿನಲ್ಲಿ ತಪ್ಪಿದ್ದರೆ ‘ತ’, ವಿಮಾನದ ಸದ್ದು ನುಗ್ಗಿದ್ದರೆ ‘ವಿ’, ಉಸಿರು ಕೇಳಿಸಿದರೆ ‘ಉ’. ಅಕ್ಷರ ಬರೆದು ಸುತ್ತ ಒಂದು ವೃತ್ತ ಎಳೆದರೆ ಅದನ್ನು ಮತ್ತೆ ಓದಬೇಕು ಎಂದರ್ಥ. ನನ್ನ ವೃತ್ತಗಳು ಬಹಳ ದುಂಡಗಿರುತ್ತವೆ ಎಂದು ಕೇಂದ್ರದಲ್ಲಿ ಹೆಸರಾಗಿತ್ತು, ನನಗೂ ಅದರ ಬಗ್ಗೆ ಸ್ವಲ್ಪ ಜಂಬವಿತ್ತು.

ಪ್ರೂಫಿನವರ ಇನ್ನೊಂದು ಗುರುತಿದೆ. ಸರಿಯಾಗಿದ್ದುದನ್ನೇ ತಪ್ಪೆಂದು ಹೊಡೆದುಹಾಕಿದ್ದರೆ, ಅದರ ಕೆಳಗೆ ಸಾಲಾಗಿ ಚುಕ್ಕಿಯಿಟ್ಟು ಅಂಚಿನಲ್ಲಿ ‘ಇರಲಿ’ ಎಂದು ಬರೆಯಬೇಕು. ಮೊದಲು ಇದ್ದದ್ದೇ ಸರಿ, ತಪ್ಪಿದವನು ಪ್ರೂಫ್ ನೋಡಿದವನು ಎಂದು ಒಪ್ಪಿಕೊಂಡ ಹಾಗೆ. ಪ್ರೆಸ್ಸಿನಲ್ಲಿ ನಾನು ಹಾಗೆ ಬರೆದದ್ದು ಬಹಳ ಕಡಿಮೆ.

ಆ ವರ್ಷ ನಾವು ಕೈಗೆತ್ತಿಕೊಂಡಿದ್ದು ಒಂದು ಇಂಗ್ಲಿಷ್-ಕನ್ನಡ ನಿಘಂಟು. ಓದುತ್ತಿದ್ದವರು ಆರ್.ಟಿ. ನಗರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನಾವೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆವು, ಅವರು ನನ್ನನ್ನು ‘ಪ್ರೂಫ್ ಸಾಹೇಬ್ರು’ ಎನ್ನುತ್ತಿದ್ದರು. ಬಂದ ತಕ್ಷಣ ಬಳೆಗಳನ್ನು ಬಿಚ್ಚಿ ಒಂದು ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಇಡುತ್ತಿದ್ದರು. ಹೊರಗಿಡಬೇಕೆಂಬ ನಿಯಮವನ್ನು ಅವರೊಬ್ಬರೇ ಮುರಿಯುತ್ತಿದ್ದದ್ದು.

ನಿಘಂಟನ್ನು ದನಿಯಲ್ಲಿ ಓದುವುದು ಕಥೆ ಓದಿದ ಹಾಗಲ್ಲ. ಕಣ್ಣಿದ್ದವರು ಪುಟದ ಮೇಲೆ ಬೆರಳಾಡಿಸಿ ಬೇಕಾದ ಅರ್ಥ ಹಿಡಿಯುತ್ತಾರೆ, ಕೇಳುವವರಿಗೆ ಆ ಸೌಕರ್ಯವಿಲ್ಲ. ಅದಕ್ಕೆ ಒಂದು ಕ್ರಮ ಮಾಡಿಕೊಂಡಿದ್ದೆವು. ಮೊದಲು ಅರ್ಥದ ಸಂಖ್ಯೆ, ಆಮೇಲೆ ಕನ್ನಡ ಅರ್ಥ, ಆಮೇಲೆ ಇಂಗ್ಲಿಷ್ ವಾಕ್ಯ, ಅದರ ಕನ್ನಡ, ಕೊನೆಗೆ ಎರಡು ಸೆಕೆಂಡು ಪೂರ್ತಿ ಮೌನ. ಕೇಳುವವರು ಗುಂಡಿಯೊತ್ತಿದರೆ ಯಂತ್ರ ಮುಂದಿನ ಮೌನದ ತನಕ ಜಿಗಿಯುತ್ತದೆ. ಆ ಮೌನದಲ್ಲಿ ಯಾರಾದರೂ ಉಸಿರೆಳೆದರೆ ಯಂತ್ರಕ್ಕೆ ಮೌನ ಸಿಗುವುದಿಲ್ಲ, ಮಗು ಒಂಬತ್ತನೇ ಅರ್ಥದಿಂದ ನೇರ ಹನ್ನೊಂದಕ್ಕೆ ಹೋಗಿ ಬೀಳುತ್ತದೆ. ಆದ್ದರಿಂದ ‘ಉ’ ಎನ್ನುವುದು ನನ್ನ ಮಡಿವಂತಿಕೆ ಮಾತ್ರ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬಹಳ ದಿನ ಇದನ್ನೇ ನನಗೆ ನಾನೇ ಹೇಳಿಕೊಂಡು ತಿರುಗಿದ್ದೇನೆ.

‘ಜಿ’ ಅಕ್ಷರದಲ್ಲಿ ‘ಗೆಟ್’ ಬಂತು. ಮೂರಕ್ಷರದ ಕ್ರಿಯಾಪದ, ನಮ್ಮ ನಿಘಂಟಿನಲ್ಲಿ ನಲವತ್ತೊಂದು ಅರ್ಥ. ಟೀಚರ್ ಪುಟ ತಿರುವಿ ನೋಡಿ ನಕ್ಕರು.

“ಸಾಹೇಬ್ರೇ, ಇದು ಪದ ಅಲ್ಲ ಕಣ್ರೀ, ಸಂತೆ. ಪಾಠ ಮಾಡ್ವಾಗ ಮಕ್ಕಳು ಕೇಳೋರು, ಮಿಸ್, ಗೆಟ್ ಅಂದ್ರೆ ಏನು ಅಂತ. ಒಂದೇ ಮಾತಲ್ಲಿ ಹೇಳೋಕೆ ನನ್ ಕೈಲಿ ಯಾವತ್ತೂ ಆಗ್ಲಿಲ್ಲ.”

ಅವರು ಹೇಳಿದ ಇನ್ನೊಂದು ಮಾತು ನನಗೆ ಈಗಲೂ ನೆನಪಿದೆ. ನಮಗೆ ಕಾಗದ ಬರುತ್ತದೆ, ಜ್ವರ ಬರುತ್ತದೆ, ಕೋಪ ಬರುತ್ತದೆ, ನಿದ್ದೆ ಬರುತ್ತದೆ. ನಾವು ಕೂತಲ್ಲೇ ಕೂತಿರುತ್ತೇವೆ, ಎಲ್ಲವೂ ನಮ್ಮನ್ನು ಹುಡುಕಿಕೊಂಡು ಬರುತ್ತವೆ. ಇಂಗ್ಲಿಷಿನವನು ಹಾಗಲ್ಲ, ಕಾಗದವನ್ನೂ ಅವನೇ ‘ಗೆಟ್’ ಮಾಡುತ್ತಾನೆ, ಜ್ವರವನ್ನೂ ಅವನೇ ‘ಗೆಟ್’ ಮಾಡುತ್ತಾನೆ. “ಜ್ವರಾನೂ ಹೋಗಿ ತಗೊಂಡ್ ಬರ್ತಾನೆ ನೋಡಿ, ಅಷ್ಟು ಆತುರ” ಎಂದಿದ್ದರು. ಅದಕ್ಕೇ ಈ ಪದಕ್ಕೆ ಕನ್ನಡ ಹುಡುಕುವಾಗ ವಾಕ್ಯವನ್ನೇ ತಿರುಗಿಸಿ ನಿಲ್ಲಿಸಬೇಕು ಎನ್ನುವುದು ಅವರ ಲೆಕ್ಕ. ಕೈಗೆ ಸಿಗುವುದು ಒಂದು ಗುಂಪು, ಒಂದು ಜಾಗ ತಲುಪುವುದು ಒಂದು, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ತಿರುಗುವುದು ಒಂದು, ಬೇರೆಯವರ ಕೈಲಿ ಮಾಡಿಸುವುದು ಒಂದು. ಹೀಗೆ ಗುಂಪು ಮಾಡಿಕೊಂಡರೆ ಮಕ್ಕಳು ದಾರಿ ತಪ್ಪುವುದಿಲ್ಲ ಎಂದು ನಿಘಂಟಿನ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದುಕೊಂಡಿದ್ದರು.

ಕೆಲಸ ಕುಂಟುತ್ತಾ ಸಾಗಿತು. ಆ ತಿಂಗಳು ಏರ್‌ಫೋರ್ಸ್ ವಿಮಾನಗಳ ತಾಲೀಮು ಬೇರೆ. ಹತ್ತು ಗಂಟೆಯಿಂದ ಊಟದ ಹೊತ್ತಿನವರೆಗೆ ತಲೆಯ ಮೇಲೆ ಆಕಾಶ ಹರಿದ ಹಾಗೆ ಸದ್ದು. ಎರಡು ವಿಮಾನಗಳ ನಡುವೆ ಸಿಕ್ಕ ಸಂದಿಯಲ್ಲಿ ಒಂದೊಂದು ಅರ್ಥ ಓದಬೇಕು. ತಪ್ಪಿದರೆ ಒಂದು ಚಪ್ಪಾಳೆ ತಟ್ಟಿ ವಾಕ್ಯದ ಮೊದಲಿಂದ ಓದುವುದು ನಮ್ಮ ಪದ್ಧತಿ. ಚಪ್ಪಾಳೆ ನನ್ನ ಪರದೆಯ ಮೇಲೆ ಉದ್ದನೆಯ ಗೆರೆಯಾಗಿ ಕಾಣುತ್ತದೆ. ನಾನು ಆ ಗೆರೆ ನೋಡಿ ಮೊದಲಿನದನ್ನು ಕತ್ತರಿಸಿ, ಉಳಿದದ್ದನ್ನು ಮಾತ್ರ ಕೇಳುತ್ತಿದ್ದೆ. ಉಸಿರೂ ಪರದೆಯ ಮೇಲೆ ಕಾಣುತ್ತದೆ, ಸಣ್ಣ ಕಂಬಳಿಹುಳದ ಹಾಗೆ.

ಟೀಚರ ಮೌನಗಳಲ್ಲಿ ಕಂಬಳಿಹುಳಗಳು ಹೆಚ್ಚಾಗಿದ್ದವು. ‘ಉ’ ಬರೆದೆ, ವೃತ್ತ ಎಳೆದೆ. ಅವರು ಮತ್ತೆ ಓದಿದರು. ಹದಿನೇಳನೇ ಅರ್ಥ, ಯಾರನ್ನಾದರೂ ಒಪ್ಪಿಸಿ ಏನಾದರೂ ಮಾಡಿಸುವುದು, ಅದೊಂದನ್ನೇ ನಾಲ್ಕು ಸಲ ವಾಪಸ್ ಕಳಿಸಿದೆ. ‘ವಿ ಕುಡ್ ನಾಟ್ ಗೆಟ್ ದಿ ಓಲ್ಡ್ ಮ್ಯಾನ್ ಟು ಲೀವ್ ಹಿಸ್ ಚೇರ್’ ಎಂಬ ವಾಕ್ಯ. ಮುದುಕನನ್ನು ಕುರ್ಚಿ ಬಿಟ್ಟು ಏಳಿಸಲು ನಮ್ಮಿಂದ ಆಗಲಿಲ್ಲ. ಐದನೇ ಸಲ ಒಂದು ಹುಳವೂ ಇರಲಿಲ್ಲ. ಪಾಸು ಮಾಡಿದೆ. “ಹಿಂಗೆ ಓದಿದ್ರೆ ಆಯ್ತಲ್ಲ ಟೀಚರ್” ಎಂದು ಬೇರೆ ಹೇಳಿದೆ. ಅವರು ನಕ್ಕು ಮೆಟ್ಟಿಲಿಳಿದು ಹೋದರು.

ಇಪ್ಪತ್ತಮೂರನೇ ಅರ್ಥ ಓದಿ ಹೋದವರು ಮುಂದಿನ ಸೋಮವಾರ ಬರಲಿಲ್ಲ. ಅವರ ಯಜಮಾನರು ಫೋನ್ ಮಾಡಿ ಹೆಬ್ಬಾಳದ ಹತ್ತಿರ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದರು. ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿದೆಯಂತೆ, ಒಂದು ವರ್ಷದ ಮೇಲಾಗಿದೆಯಂತೆ, ಯಾರಿಗೂ ತಿಳಿದಿಲ್ಲವಂತೆ. ಮೂರನೇ ವಾರದಲ್ಲಿ ಟೀಚರ್ ತೀರಿಕೊಂಡರು. ನಾನೂ ಸ್ಮಶಾನಕ್ಕೆ ಹೋಗಿ, ಬಂದು, ಸ್ನಾನ ಮಾಡಿ, ಮರುದಿನ ಕೆಲಸಕ್ಕೆ ಕೂತೆ. ಆಗ ದುಃಖವಾಗಿತ್ತು, ಅಷ್ಟೇ. ಬೇರೇನೂ ಹೊಳೆದಿರಲಿಲ್ಲ.

ಕೇಂದ್ರ ನಡೆಸುತ್ತಿದ್ದ ಸಂಯೋಜಕಿ ನನ್ನನ್ನು ಕರೆದರು. ಕಾಲೇಜುಗಳು ಶುರುವಾಗುವುದರೊಳಗೆ ‘ಜಿ’ ಮುಗಿಯಬೇಕು, ಬೇರೆ ಓದುಗರು ಸಿಗುತ್ತಿಲ್ಲ.

“ನೀವೇ ಓದ್ಬಿಡಿ. ನಿಮ್ಮ ದನಿ ಪರವಾಗಿಲ್ಲ” ಎಂದರು. “ಆದ್ರೆ ಒಂದು ಪದಕ್ಕೆ ಒಂದೇ ದನಿ ಇರ್ಬೇಕು, ಗೊತ್ತಲ್ಲ ನಿಯಮ. ಗೆಟ್ ಪೂರ್ತಿ ಮೊದ್ಲಿಂದ ಓದಿ. ನೀವು ಓದಿದ್ದನ್ನ ನಾನು ಚೆಕ್ ಮಾಡ್ತೀನಿ.”

“ಟೀಚರ್ ಓದಿರೋ ಇಪ್ಪತ್ತಮೂರು?”

“ಅಕ್ಷರ ಮುಗಿದ ಮೇಲೆ ಉಳಿದಿದ್ದೆಲ್ಲ ಅಳಿಸ್ತೀವಲ್ಲ, ಅದೂ ಹೋಗುತ್ತೆ. ವಾಪಸ್ ಕಳಿಸಿದ್ದು, ಪಾಸಾಗಿದ್ದು, ಎಲ್ಲ. ಜಾಗ ಎಲ್ಲಿದೆ ಹೇಳಿ.”

ಹಾಗಾಗಿ ನಾನು ಮೊದಲ ಸಲ ಆ ಕೋಣೆಯೊಳಗೆ ಓದುವವನಾಗಿ ಹೋದೆ. ಕೊನೆಯ ದಿನ ಟೀಚರ್ ಮರೆತು ಬಿಟ್ಟುಹೋಗಿದ್ದ ಸ್ಟೀಲ್ ಡಬ್ಬಿ ಮೂಲೆಯ ಸ್ಟೂಲಿನ ಮೇಲೆ ಇನ್ನೂ ಇತ್ತು. ಮುಚ್ಚಳ ತೆಗೆದು ನೋಡುವ ಧೈರ್ಯವಾಗಲಿಲ್ಲ.

ಹೊರಗೆ ಕೂತು ತಪ್ಪು ಹುಡುಕುವವನಿಗೆ ಒಳಗೆ ಕೂತು ಓದುವ ಕಷ್ಟ ಗೊತ್ತಿರುವುದಿಲ್ಲ. ಹತ್ತು ನಿಮಿಷಕ್ಕೆ ಬೆವರು, ಬಾಯಿ ಒಣಗಿ ನಾಲಿಗೆ ಟಕ್ ಟಕ್ ಎನ್ನುತ್ತದೆ, ಹೊಟ್ಟೆ ಗುರುಗುಟ್ಟುತ್ತದೆ. ಮೊದಲ ದಿನ ಮೂರು ಅರ್ಥ ಓದುವಷ್ಟರಲ್ಲಿ ಹನ್ನೊಂದು ಚಪ್ಪಾಳೆ. ಎರಡನೇ ದಿನ ನಿಘಂಟಿನ ಪುಟವನ್ನು ಹತ್ತಿರ ಹಿಡಿದು ನೋಡಿದಾಗ, ಗುಂಪು ಮಾಡಿದ ಗೆರೆಗಳಲ್ಲದೆ ಪದಗಳ ನಡುವೆ ಸಣ್ಣ ಸಣ್ಣ ಪೆನ್ಸಿಲ್ ಗುರುತುಗಳು ಕಂಡವು. ಹಲ್ಲಿನ ಕಡ್ಡಿಯ ತುದಿಯಷ್ಟು. ಎಲ್ಲಿ ನಿಲ್ಲಿಸಬೇಕು ಎಂದು ಮಾಡಿಕೊಂಡಿರಬೇಕು ಎನ್ನಿಸಿತು. ಆದರೆ ಅವು ಅಲ್ಪವಿರಾಮದ ಜಾಗದಲ್ಲಿರಲಿಲ್ಲ. ‘ಮುದುಕನನ್ನು ಕುರ್ಚಿ’ ಆದ ಮೇಲೊಂದು, ‘ಬಿಟ್ಟು’ ಆದ ಮೇಲೊಂದು. ವಾಕ್ಯವನ್ನು ಹೀಗೆ ಯಾರೂ ಒಡೆಯುವುದಿಲ್ಲ. ಟೀಚರಿಗೇ ಸೇರಿದ ಏನೋ ಲೆಕ್ಕ ಇರಬೇಕೆಂದುಕೊಂಡು, ಗುರುತಿದ್ದಲ್ಲೆಲ್ಲ ಒಂದು ಕ್ಷಣ ತಡೆದು ಓದಿ ನೋಡಿದೆ.

ಆಶ್ಚರ್ಯವೆಂದರೆ ಓದು ಸಲೀಸಾಯಿತು. ಗುರುತಿನ ಹತ್ತಿರ ಸಣ್ಣಗೆ, ಬಾಯಿ ತೆರೆಯದೆ ಉಸಿರು ತೆಗೆದುಕೊಂಡರೆ ಕೊನೆಯ ಮೌನದಲ್ಲಿ ದೊಡ್ಡದಾಗಿ ಎಳೆಯಬೇಕಾಗುವುದೇ ಇಲ್ಲ. ಪರದೆಯ ಮೇಲೆ ಮೌನ ನಯವಾಗಿ, ಒರೆಸಿದ ನೆಲದಂತೆ ಬಂತು. ಒಂದು ವಾರದಲ್ಲಿ ಹತ್ತು ಅರ್ಥ ಮುಗಿಸಿದೆ. ಗುರುತುಗಳು ಇಪ್ಪತ್ತಮೂರಕ್ಕೆ ನಿಂತಿರಲಿಲ್ಲ, ಮೂವತ್ತನಾಲ್ಕರವರೆಗೂ ಇದ್ದವು. ಟೀಚರ್ ಮುಂದಿನದನ್ನು ಮನೆಯಲ್ಲೇ ತಯಾರು ಮಾಡಿಕೊಂಡು ಬರುತ್ತಿದ್ದರು. ಸತ್ತವರು ದಾರಿ ಮಾಡಿಟ್ಟು ಹೋಗಿದ್ದಾರೆ ಎಂದು ಮನಸ್ಸಿನಲ್ಲೇ ಕೈಮುಗಿದೆ. ಎಂಥ ಮೂರ್ಖ.

ಶನಿವಾರ ನಮ್ಮ ಪರೀಕ್ಷಕಿ ಬಂದಳು. ಆರ್.ಟಿ. ನಗರದ ಹುಡುಗಿ, ಮನೆಯಲ್ಲಿ ದಖ್ಖನಿ ಉರ್ದು, ಬ್ಯಾಂಕಿನಲ್ಲಿ ಕೆಲಸ. ಆರು ವರ್ಷಕ್ಕೆ ಕಣ್ಣು ಹೋದವಳು. ವಿದ್ಯಾರ್ಥಿಗಳಿಗೆ ಕೊಡುವ ಮುಂಚೆ ಕೇಂದ್ರದ ಪುಸ್ತಕಗಳನ್ನೆಲ್ಲ ಒಮ್ಮೆ ಕೇಳಿ, ಗುಂಡಿಯೊತ್ತಿ ಜಿಗಿದು ನೋಡಿ ಒಪ್ಪಿಗೆ ಕೊಡುವುದು ಅವಳ ಕೆಲಸ. ನನ್ನ ಹತ್ತು ಅರ್ಥಗಳನ್ನು ಕೇಳಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

“ಸರ್, ಬೇಜಾರ್ ಮಾಡ್ಕೋಬೇಡಿ. ನೀವು ಯಾಕೆ ಟೀಚರ್ ಮೇಡಂ ಥರ ಉಸಿರು ತಗೊಳ್ತಿದೀರ?”

“ಉಸಿರು ಕೇಳಿಸ್ತಿದೆಯಾ?” ನನಗೆ ಗಾಬರಿ. “ಪರದೇಲಿ ಒಂದೂ ಇಲ್ವಲ್ಲ.”

“ಸದ್ದು ಇಲ್ಲ ಸರ್. ಜಾಗ ಇದೆ. ಮಾತಿನ ಮಧ್ಯ ನಿಲ್ತೀರಲ್ಲ, ಅದು. ಮೇಡಂ ಮೊದ್ಲು ಹಂಗೆ ಮಾಡ್ತಿರ್ಲಿಲ್ಲ. ‘ಇ’ ಅಕ್ಷರದಲ್ಲಿ ಶುರು ಆಯ್ತು. ‘ಎಫ್’ಗೆ ಬರೋ ಹೊತ್ಗೆ ಮೂರು ಮಾತಿಗೊಂದ್ಸಲ. ಮೆಟ್ಲು ಹತ್ಕೊಂಡು ಬಂದೋರ ಥರ. ಆದ್ರೆ ಕೂತ್ಕೊಂಡೇ ಓದ್ತಿದ್ರಲ್ಲ ಅವ್ರು.”

ನಾನು ನಿಘಂಟನ್ನು ತೆರೆದೆ. ‘ಎ’ ಅಕ್ಷರದ ಪುಟಗಳಲ್ಲಿ ಒಂದು ಗುರುತೂ ಇಲ್ಲ. ‘ಡಿ’ಯಲ್ಲಿ ಪುಟಕ್ಕೊಂದೆರಡು. ‘ಇ’ಯಲ್ಲಿ ಸಾಲಿಗೊಂದು. ‘ಗೆಟ್’ ಹತ್ತಿರ ಬರುವಷ್ಟರಲ್ಲಿ ಇರುವೆ ಸಾಲು. ಅವು ಓದಿನ ಗುರುತುಗಳಲ್ಲ. ಟೀಚರಿಗೆ ಉಸಿರು ಸಾಲದೆ ಆಗುತ್ತಿದ್ದ ಜಾಗಗಳು. ನನ್ನ ಕೆಂಪು ವೃತ್ತಕ್ಕೆ ಹೆದರಿ, ಮನೆಯಲ್ಲಿ ಕೂತು, ಎಲ್ಲಿ ಕದ್ದು ಉಸಿರಾಡಬಹುದು ಎಂದು ಪೆನ್ಸಿಲಿನಲ್ಲಿ ಲೆಕ್ಕ ಹಾಕಿದ್ದರು.

“ಮೊದ್ಲೇ ಯಾಕಮ್ಮ ಹೇಳ್ಲಿಲ್ಲ ನೀನು?” ನನ್ನ ದನಿ ಜೋರಾಯಿತು. ಅವಳ ಮೇಲೆ ಸಿಟ್ಟಾಗುವುದು ಸುಲಭವಿತ್ತು.

ಅವಳು ಮುಖ ನನ್ನ ಕಡೆ ತಿರುಗಿಸಿದಳು. “ಹುಷಾರಿಲ್ದೋರನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ ಅಂತಾರಲ್ಲ ಸರ್. ನೀವೆಲ್ಲ ನೋಡೋರು. ನಿಮ್ಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ.”

ಅವಳು ಹೋದ ಮೇಲೆ ನಾನು ಟೀಚರ ಕತ್ತರಿಸದ ಮೂಲ ಫೈಲುಗಳನ್ನು ತೆಗೆದೆ. ಅವನ್ನು ನಾನು ಯಾವತ್ತೂ ಪೂರ್ತಿ ಕೇಳಿದವನಲ್ಲ. ಗೆರೆ ನೋಡಿ ಕತ್ತರಿಸಿದವನು. ಹೆಡ್‌ಫೋನ್ ಹಾಕಿಕೊಂಡೆ. ಚಪ್ಪಾಳೆಗಳ ನಡುವೆ, ವಿಮಾನಗಳ ಅಡಿಯಲ್ಲಿ ಟೀಚರ್ ಮಾತಾಡುತ್ತಲೇ ಇದ್ದರು. “ಅಯ್ಯೋ ನಮ್ಮಪ್ಪ, ಮತ್ತೆ ಬಂತು ವಿಮಾನ.” “ಸಾಹೇಬ್ರೇ, ಇದನ್ನ ಕತ್ತರಿಸ್ಬಿಡಿ.” “ಮಧ್ಯಾಹ್ನಕ್ಕೆ ಹುರುಳಿಕಾಯಿ ಹುಳಿ ಮಾಡಿದೀನಿ, ತಂದ್ಕೊಡ್ಬೇಕಿತ್ತು ನಿಮ್ಗೆ.” ಎಲ್ಲ ನನಗೇ ಹೇಳಿದ ಮಾತುಗಳು. ನಾನು ಕೇಳುತ್ತೇನೆ ಎಂದುಕೊಂಡು ಹೇಳಿದ್ದರು.

ಹದಿನೇಳನೇ ಅರ್ಥದ ಐದನೇ ಫೈಲು ಹಾಕಿದೆ. ಕೋಣೆಯ ಮೌನ. ಆಮೇಲೆ ಟೀಚರ್, ಮೈಕಿಗೆ ಬಹಳ ಹತ್ತಿರದಿಂದ: “ಸಾಹೇಬ್ರೇ, ಇದು ಐದನೇ ಸಲ. ಉಸಿರು ಹಿಡ್ಕೊಂಡು ಓದ್ತೀನಿ, ನೋಡ್ತಿರಿ.” ಒಂದು ಚಪ್ಪಾಳೆ ತಟ್ಟಿ ಓದಿದರು. ಮುದುಕ, ಕುರ್ಚಿ, ಎಲ್ಲ ಒಂದೇ ಓಟದಲ್ಲಿ. ಎರಡು ಸೆಕೆಂಡಿನ ನಿರ್ಮಲ ಮೌನ. ನಾನು ಅಲ್ಲಿಗೆ ಕತ್ತರಿಸಿ ಪಾಸು ಮಾಡಿದ್ದೆ. ಅದರ ಮುಂದೆ ಏನಿತ್ತೆಂದು ಈಗ ಕೇಳಿದೆ. ಬಾವಿಯಿಂದ ಮೇಲೆ ಬಂದವರು ಎಳೆಯುವಂಥ ಒಂದು ಉಸಿರು. ಇನ್ನೊಂದು. ಕೆಮ್ಮು, ಅದು ನಿಲ್ಲುವ ತನಕ ಬಹಳ ಹೊತ್ತು. ಮೇಜು ಹಿಡಿದು ಎದ್ದ ಸದ್ದು. ಕೊನೆಗೆ ಸ್ಟೀಲ್ ಡಬ್ಬಿಯ ಮುಚ್ಚಳ, ಒಂದೊಂದಾಗಿ ಬಳೆ.

ಆಗ ಕೋಣೆಯ ಗಾಜಿನ ಬಾಗಿಲಿನ ಈಚೆ, ಆರಡಿ ದೂರದಲ್ಲಿ ನಾನೇ ಕೂತಿದ್ದೆ. ಬೇರೊಂದು ಫೈಲಿನ ಉಸಿರು ಹುಡುಕುತ್ತಿದ್ದೆನೋ ಏನೋ.

ಅಂದಿನಿಂದ ನನಗೆ ಆ ಸದ್ದು ಬಿಡಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಉಸಿರೆಳೆದರೆ ತಿರುಗಿ ನೋಡುತ್ತಿದ್ದೆ. ಪುಟ್ಟೇನಹಳ್ಳಿ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಡೆಯುವವರ ಏದುಸಿರು ಕೇಳಲಾರದೆ ಆ ದಾರಿಯನ್ನೇ ಬಿಟ್ಟೆ. ಕೋಣೆಯೊಳಗೆ ಕೂತರೆ ಓದಲಾಗುತ್ತಿರಲಿಲ್ಲ. ಗುರುತಿನ ಹತ್ತಿರ ನಿಂತರೆ ಅವರ ಜಾಗದಲ್ಲಿ ಉಸಿರಾಡಿದ ಹಾಗೆ, ನಿಲ್ಲದೆ ಹೋದರೆ ಅವರ ಮೇಲೆ ತುಳಿದು ಹೋದ ಹಾಗೆ. ಹತ್ತು ದಿನ ಒಂದು ಅರ್ಥವೂ ಮುಂದೆ ಹೋಗಲಿಲ್ಲ. ಸಂಯೋಜಕಿ ಎರಡು ಸಲ ಕೇಳಿದರು, ಗಂಟಲು ಸರಿಯಿಲ್ಲ ಎಂದೆ.

ಆ ಹೊತ್ತಿನಲ್ಲೇ ಟೀಚರ ಯಜಮಾನರು ಬಂದರು. ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮೇಲೆ ದುಡಿದು ನಿವೃತ್ತರಾದವರು, ದಪ್ಪ ಬೆರಳುಗಳು, ಕಡಿಮೆ ಮಾತು. ಬಳೆ ಡಬ್ಬಿ ಕೊಂಡುಹೋಗಲು ಬಂದಿದ್ದರು. ಕೊಟ್ಟೆ. ಅವರು ಎದ್ದು ಹೋಗಲಿಲ್ಲ.

“ಸಾರ್, ಒಂದು ಕೇಳ್ಬೇಕಿತ್ತು. ಮನೇಗ್ ಬಂದು ಹೇಳೋಳು, ಇವತ್ತೂ ವಾಪಸ್ ಬಂತು ಅಂತ. ನಗ್ತಾನೇ ಹೇಳೋಳು. ಊಟ ಆದ್ಮೇಲೆ ಮತ್ತೆ ಆ ಬುಕ್ ಹಿಡ್ಕೊಂಡ್ ಕೂರೋಳು. ಅಷ್ಟ್ ವರ್ಷ ಇಂಗ್ಲಿಷ್ ಪಾಠ ಮಾಡಿದೋಳು. ಏನ್ ತಪ್ಪಾಗ್ತಿತ್ತು ಸಾರ್ ಅವಳ ಓದಲ್ಲಿ?”

ವಿಮಾನದ ಸದ್ದು ಎಂದುಬಿಡಬಹುದಿತ್ತು. ಆ ಮನುಷ್ಯ ನಂಬಿ, ಡಬ್ಬಿ ಹಿಡಿದು ಹೋಗುತ್ತಿದ್ದರು. ಬಾಯಿಯ ತನಕ ಬಂದಿತ್ತು ಮಾತು. ಹಾಳೆ ಮೇಜಿನ ಮೇಲೇ ಇತ್ತು. ‘ಗೆಟ್’ ಒಂದಕ್ಕೇ ಏಳು ಕೆಂಪು ವೃತ್ತ, ಎಲ್ಲ ದುಂಡಗೆ.

“ಅವರ ಓದಲ್ಲಿ ತಪ್ಪಿರ್ಲಿಲ್ಲ. ಉಸಿರು ಕೇಳಿಸ್ತಿತ್ತು” ಎಂದೆ. “ನಾನೇ ವಾಪಸ್ ಕಳಿಸ್ತಿದ್ದೆ. ಏಳು ಸಲ. ಅದು ಕಾಯಿಲೆ ಅಂತ ನಂಗೆ ಹೊಳೀಲಿಲ್ಲ. ಯಾಕೆ ಹಿಂಗೆ ಉಸಿರು ಬರ್ತಿದೆ ಟೀಚರ್ ಅಂತ ಒಂದ್ ಮಾತು ಕೇಳಿದ್ರೆ ಆಗ್ತಿತ್ತು. ಕೇಳ್ಲಿಲ್ಲ.”

ಅವರು ಕೇಳಿಸಿ ಎಂದು ಹೆಡ್‌ಫೋನಿನ ಕಡೆ ಕೈ ತೋರಿಸಿದರು. ನಾನು ಹದಿನೇಳನೇ ಅರ್ಥವನ್ನು ಮೊದಲ ಫೈಲಿನಿಂದ ಹಾಕಿದೆ. ಮುದುಕನ ವಾಕ್ಯ ಬಂದಾಗ ಅವರ ಮೀಸೆ ಅಲುಗಿತು. “ಇದನ್ನ ನನ್ ಮುಖ ನೋಡ್ಕೊಂಡೇ ಓದೋಳು ಸಾರ್. ನಾನು ಕುರ್ಚಿ ಬಿಟ್ಟು ಏಳಲ್ಲ ಅಂತ.” ಆಮೇಲೆ ಎರಡು, ಮೂರು, ನಾಲ್ಕು. ಐದನೆಯದನ್ನು ಹಾಕಬೇಕೋ ಬೇಡವೋ ಎಂದು ಕೈ ತಡೆಯಿತು. ಹಾಕಿದೆ. ಕೊನೆಯ ತನಕ, ಬಳೆಯ ತನಕ ಕೇಳಿದರು. ಮಡಿಲಲ್ಲಿದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು.

“ಈ ಸದ್ದು ನಂಗೂ ಗೊತ್ತು ಸಾರ್” ಎಂದರು. “ಮಲಗಿದಾಗ ಪಕ್ಕದಲ್ಲೇ ಬರ್ತಿತ್ತು. ಗೊರಕೆ ಹೊಡೀಬೇಡ ಕಣೇ ಅಂತ ಭುಜ ಹಿಡಿದು ಆ ಕಡೆ ತಿರುಗಿಸ್ತಿದ್ದೆ.”

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: “ಕೊನೇದ್ರಲ್ಲಿ ಅವಳು ಯಾರ್ಗೋ ಹೆದರ್ಕೊಂಡು ಓದ್ತಿದಾಳೆ. ನೀವು ಬೇಡ ಅಂದಿದ್ರಲ್ಲ, ಅದ್ರಲ್ಲಿ ಅವಳು ಅವಳ ಥರಾನೇ ಇದಾಳೆ. ಅದನ್ನ ಅಳಿಸ್ಬೇಡಿ ಸಾರ್.”

ಫೈಲುಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಅವರಿಗೆ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಅದು ನನಗೆ ಒಪ್ಪಲಿಲ್ಲ. ಟೀಚರ್ ಓದಿದ್ದು ಯಜಮಾನರ ಬೀರುವಿನಲ್ಲಿಡಲು ಅಲ್ಲ, ಮಕ್ಕಳು ಕೇಳಲು. ಮರುದಿನ ಸಂಯೋಜಕಿಯ ಮುಂದೆ ಕೂತು ಹೇಳಿದೆ: ‘ಗೆಟ್’ ಪದದ ಮೊದಲ ಇಪ್ಪತ್ತಮೂರು ಅರ್ಥ ಟೀಚರ ದನಿಯಲ್ಲೇ ಇರಬೇಕು, ಅದೂ ನಾನು ವಾಪಸ್ ಕಳಿಸಿದ ಕಡೆಯಲ್ಲೆಲ್ಲ ಆ ತಳ್ಳಿಹಾಕಿದ ಓದೇ ಇರಬೇಕು. ಉಳಿದದ್ದು ನಾನು ಓದುತ್ತೇನೆ.

“ಒಂದು ಪದಕ್ಕೆ ಎರಡು ದನಿ? ಅದೂ ಉಸಿರಿನ ಸದ್ದಿರೋದು? ಯಂತ್ರ ಜಿಗಿಯಲ್ಲ ಅಂತ ನಮ್ಗೆಲ್ಲ ಪಾಠ ಹೇಳಿದೋರೇ ನೀವು!”

“ಯಂತ್ರಕ್ಕೆ ಮೌನ ಹುಡುಕೋಕೆ ಬಿಡಲ್ಲ ಮೇಡಂ. ಪ್ರತಿ ಅರ್ಥದ ಬುಡದಲ್ಲೂ ಜಿಗಿಯೋ ಗುರುತನ್ನ ಕೈಯಲ್ಲೇ ಹಾಕ್ತೀನಿ. ಆಗ ಉಸಿರು ಎಷ್ಟಿದ್ರೂ ಅಡ್ಡಿ ಇಲ್ಲ.”

“ಎಷ್ಟು ದಿನದ ಕೆಲಸ ಅದು?”

“ರಜಾ ತಗೊಳ್ಳಲ್ಲ.”

ಈ ಉಪಾಯ ಮೊದಲೇ ಇತ್ತು. ಬಹಳ ಶ್ರಮ ಎಂದು ನಾವು ಯಾರೂ ಮಾಡಿರಲಿಲ್ಲ. ಟೀಚರ ಕೈಲಿ ಮತ್ತೆ ಓದಿಸುವುದು ಸುಲಭವಾಗಿತ್ತು.

ಸಂಯೋಜಕಿ ಶನಿವಾರದ ತನಕ ತಡೆಯಿರಿ, ಕೇಳುವವರೇ ಹೇಳಲಿ ಎಂದರು. ಪರೀಕ್ಷಕಿಗೆ ಹದಿನೇಳನೇ ಅರ್ಥದ ಒಂದನೇ ಓದು, ಐದನೇ ಓದು ಎರಡನ್ನೂ ಹಾಕಿದೆವು. ಯಾವುದು ಯಾವುದೆಂದು ಹೇಳಲಿಲ್ಲ. ಅವಳು ಯೋಚನೆ ಮಾಡಲೂ ಇಲ್ಲ. “ಎರಡನೇದ್ರಲ್ಲಿ ಮೇಡಂ ಓಡ್ತಿದಾರೆ, ಅರ್ಥ ಹಿಂದೆ ಬೀಳುತ್ತೆ. ಮೊದಲ್ನೇದು ಇಡಿ. ಅದ್ರಲ್ಲಿ ಪಾಠ ಮಾಡ್ತಿದಾರೆ.” ಸಂಯೋಜಕಿ ಕಿಟಕಿಯ ಕಡೆ ನೋಡಿದರು. “ಹಾಳೆ ಮೇಲೆ ಚೆಕ್ ಮಾಡಿದೋರು ಅಂತ ನಿಮ್ಮ ಸಹಿ ಇರುತ್ತೆ. ಯಾರಾದ್ರೂ ಕೇಳಿದ್ರೆ ಉತ್ತರ ನೀವೇ ಹೇಳ್ಬೇಕು” ಎಂದರು.

ಹದಿನೈದು ದಿನ ಕೂತು ಗುರುತುಗಳನ್ನು ಹಾಕಿದೆ. ಟೀಚರ ಉಸಿರು ಎಲ್ಲಿ ಮುಗಿಯುತ್ತದೆ, ಮುಂದಿನ ಸಂಖ್ಯೆ ಎಲ್ಲಿ ಶುರುವಾಗುತ್ತದೆ ಎಂದು ಒಂದೊಂದನ್ನೂ ಹತ್ತಾರು ಸಲ ಕೇಳಬೇಕಿತ್ತು. ಮೊದಮೊದಲು ಎಲ್ಲ ಒಂದೇ ಥರ ಕೇಳಿಸುತ್ತಿತ್ತು. ಆಮೇಲೆ ಆ ಉಸಿರುಗಳಲ್ಲೇ ವ್ಯತ್ಯಾಸ ತಿಳಿಯತೊಡಗಿತು. ಓದು ಚೆನ್ನಾಗಿ ಬಂದಾಗಿನದು ಒಂದು, ವಿಮಾನದ ಮೇಲೆ ಸಿಟ್ಟು ಬಂದಾಗಿನದು ಇನ್ನೊಂದು. ಸಮಾಧಾನವಾಯಿತು ಎಂದರೆ ಸುಳ್ಳಾಗುತ್ತದೆ. ಅವರು ಬದುಕಿದ್ದಾಗ ಹೀಗೆ ಒಂದು ದಿನ ಕೇಳಿದ್ದರೆ ಸಾಕಿತ್ತು.

ಇಪ್ಪತ್ತನಾಲ್ಕರಿಂದ ನಾನು ಓದಿದೆ. ಮೂವತ್ತನಾಲ್ಕರವರೆಗೆ ಟೀಚರ ಪೆನ್ಸಿಲ್ ಗುರುತುಗಳ ಜೊತೆಯಲ್ಲೇ ಹೋದೆ, ಅವರು ನಿಲ್ಲಬೇಕೆಂದು ಇಟ್ಟುಕೊಂಡಿದ್ದಲ್ಲೆಲ್ಲ ನಿಂತೆ. ಕೊನೆಯ ಗುರುತು ಒಂದು ವಾಕ್ಯದ ನಡುವೆ ಇತ್ತು. ಅದನ್ನು ದಾಟಿದ ಮೇಲೆ ಪುಟ ಬರೀ ಅಚ್ಚಿನ ಪುಟ. ಅಲ್ಲಿಂದ ಮುಂದೆ ಒಬ್ಬನೇ ಓದಿ ಮುಗಿಸಿದೆ.

ಅಕ್ಷರ ಮುಗಿಸುವ ದಿನ ಹಾಳೆಗಳನ್ನೆಲ್ಲ ಜೋಡಿಸಿ ಸಹಿ ಹಾಕಬೇಕು. ಟೀಚರ ಹಾಳೆ ಮುಂದಿಟ್ಟುಕೊಂಡೆ. ಎಡಗಡೆ ಅವರ ಸಹಿ, ಕೆಳಕೆಳಗೆ ಹೋದಂತೆ ಸ್ವಲ್ಪ ಸ್ವಲ್ಪ ಚಿಕ್ಕದಾಗಿತ್ತು. ಅದನ್ನೂ ನಾನು ನೋಡಿರಲಿಲ್ಲ. ಬಲಗಡೆ ಏಳು ‘ಉ’. ಹೊಸ ಹಾಳೆಗೆ ನೀಟಾಗಿ ಬರೆದು ಹಳೆಯದನ್ನು ಹರಿದುಹಾಕಿ ಎಂದು ಸಂಯೋಜಕಿ ಹೇಳಿದ್ದರು. ನಾನು ಹರಿಯಲಿಲ್ಲ. ಅದೇ ಕೆಂಪು ಪೆನ್ನು ತೆಗೆದು, ಏಳೂ ವೃತ್ತಗಳ ಕೆಳಗೆ ಸಾಲಾಗಿ ಚುಕ್ಕಿಯಿಟ್ಟು, ಅಂಚಿನಲ್ಲಿ ಏಳು ಸಲ ಬರೆದೆ: ಇರಲಿ.